ಅಪ್ಪ ಜನವರಿಯಲ್ಲಿ ಬಿಟ್ಟದ್ದು

ಯಾರ್ಮೊ ಕಾಫಿ ಕೋಣೆಯ ಗೋಡೆಗೆ ಆ ಪಟ್ಟಿ ಅಂಟಿಸಿದ ದಿನವೇ ಅದನ್ನು ಹರಿದು ಹಾಕಬೇಕಿತ್ತು. ನಾನು ಹರಿಯಲಿಲ್ಲ. ಮೇಜು ಒರೆಸುತ್ತಿದ್ದೆ, ಒರೆಸುತ್ತಲೇ ಇದ್ದೆ.

ಜನವರಿ ಬಂತೆಂದರೆ ನಮ್ಮ ಫಿನ್‌ಲ್ಯಾಂಡಿನಲ್ಲಿ ಅರ್ಧ ದೇಶ ಕುಡಿತ ಬಿಡುತ್ತದೆ. ತಿಂಗಳಿಡೀ ಒಂದು ಹನಿಯೂ ಇಲ್ಲ. ನಮ್ಮ ಪ್ಲೈವುಡ್ ಕಾರ್ಖಾನೆಯಲ್ಲಿ ಅದೊಂದು ಪಂದ್ಯ, ಬೆಳಗಿನ ಪಾಳಿಗೂ ಸಂಜೆಯ ಪಾಳಿಗೂ. ಪಟ್ಟಿಯಲ್ಲಿ ಪ್ರತಿಯೊಬ್ಬನ ಹೆಸರು, ಹೆಸರಿನ ಮುಂದೆ ಮೂವತ್ತೊಂದು ಮನೆ. ನಿನ್ನೆ ಮುಟ್ಟಲಿಲ್ಲ ಎಂದು ಬೆಳಗಿನ ಕಾಫಿಯ ಹೊತ್ತಿಗೆ ತಾವೇ ಗುರುತು ಹಾಕಬೇಕು. ಯಾರೂ ಪರೀಕ್ಷೆ ಮಾಡುವುದಿಲ್ಲ. ಸುಳ್ಳು ಗುರುತು ಹಾಕಿದವನನ್ನು ಇಲ್ಲಿ ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ. ಸೋತ ಪಾಳಿಯವರು ಫೆಬ್ರವರಿಯಲ್ಲಿ ಗೆದ್ದವರಿಗಾಗಿ ಸೌದೆ ಹೊತ್ತು ಸೌನಾ ಎಂಬ ಹಬೆಸ್ನಾನದ ಕೋಣೆ ಕಾಯಿಸಿ, ಸಾಸೇಜು ಸುಟ್ಟು ಕೊಡಬೇಕು.

ಯಾರ್ಮೊ ಬೆಳಗಿನ ಪಾಳಿಯ ಮೇಸ್ತ್ರಿ. ನಮ್ಮಪ್ಪ ಇಸ್ಮೊ ಅದೇ ಪಾಳಿಯಲ್ಲಿ ಹಲಗೆ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ನಾನು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದೇನೆ: ಬಡಿಸುವುದು, ತೊಳೆಯುವುದು, ಒರೆಸುವುದು. ಒಂಬತ್ತನೇ ತರಗತಿಯ ನಂತರ ಸೇರಿದ ಕಸುಬಿನ ಶಾಲೆಯನ್ನು ಮೂರೇ ತಿಂಗಳಿಗೆ ಬಿಟ್ಟೆ. ಅಲ್ಲಿ ವಾರಕ್ಕೊಮ್ಮೆ ಎಲ್ಲರ ಎದುರು ನಿಂತು ಮಾತಾಡಬೇಕಿತ್ತು. ಇಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, 'ಇನ್ನೊಂದು ಸೌಟು ಹಾಕು' ಎನ್ನುವುದನ್ನು ಬಿಟ್ಟರೆ.

ಪಂದ್ಯದ ಮೊದಲ ಬುಧವಾರ ಬೆಳಗಿನ ಕಾಫಿಗೆ ಅಪ್ಪ ಎಂದಿನಂತೆ ಬ್ರೆಡ್ ತಿಂದು ಮುಗಿಸಿ, ಎದೆಯ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಒಂದು ಕ್ಯಾಪ್ಸೂಲನ್ನು ಅಂಗೈಗೆ ಹಾಕಿಕೊಂಡ. ಅವನ ಎದುರು ರೈಮೊ ಕೂತಿದ್ದ. ಅಂಟು ಹಚ್ಚುವ ಯಂತ್ರದವನು, ಬಾಯಿಬಡುಕ.

"ಅದೇನೋ ಇಸ್ಮೊ?"

"ಔಷಧಿ."

"ಖುಷಿ ಮಾತ್ರೆನಾ? ಲೋ ಮಾರಾಯ, ನಾವೆಲ್ಲ ಇಲ್ಲಿ ಹನಿ ಮುಟ್ಟದೆ ಗಂಟಲು ಒಣಗಿಸ್ಕೊಂಡು ಕೂತಿದೀವಿ. ನೀನು ನಮ್ಮ ಕಣ್ಣೆದುರಿಗೇ ದಿನಾ ಬೆಳಗ್ಗೆ ಖುಷಿ ನುಂಗ್ತೀಯ. ಯಾವ ನ್ಯಾಯ ಹೇಳು?"

ಎಲ್ಲರೂ ನಕ್ಕರು. ಯಾರ್ಮೊ ಪೆನ್ನಿನ ತುದಿಯಿಂದ ಪಟ್ಟಿಯನ್ನು ತಟ್ಟಿದ. "ತಲೆಗೆ ಏರೋದೆಲ್ಲಾ ಇದ್ರಲ್ಲಿ ಸೇರುತ್ತೆ ಕಣಪ್ಪಾ. ನಿಯಮ ಅಂದ್ರೆ ನಿಯಮ." ಅವನೂ ನಗುತ್ತಲೇ ಹೇಳಿದ.

ಅಪ್ಪ ಮಾತ್ರ ನಗಲಿಲ್ಲ. ಅಂಗೈಯಲ್ಲಿದ್ದುದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದ.

"ಹಂಗಾದ್ರೆ ಇದೂ ಬೇಡ."

"ಭಲೇ," ಎಂದು ರೈಮೊ ಎದ್ದು ಬಂದು ಕೈ ಕುಲುಕಿದ. ಯಾರ್ಮೊ ಅಪ್ಪನ ಹೆಸರಿನ ಪಕ್ಕದಲ್ಲಿ ದಪ್ಪಕ್ಷರಗಳಲ್ಲಿ 'ಪೂರ್ತಿ ಒಣ' ಎಂದು ಬರೆದ. ಹಿಂದಿನ ವರ್ಷವಿಡೀ ಅಪ್ಪನ ಜೊತೆ ಸರಿಯಾಗಿ ಕಣ್ಣು ಸೇರಿಸದ ಗಂಡಸರು ಆವತ್ತು ಅವನ ಬೆನ್ನು ತಟ್ಟಿ ಹೋದರು.

ನನಗೆ ಸಿಟ್ಟು ಬರುವುದು ಅಲ್ಲೇ. ಆ ಮಾತ್ರೆಯ ಬಗ್ಗೆ ಅಪ್ಪನಿಗೆ ಎಷ್ಟು ನಾಚಿಕೆಯಿದೆ ಎಂದು ಅವರಿಗೆ ಗೊತ್ತಿತ್ತು. ಬಿಡಲು ಒಂದು ನೆಪಕ್ಕಾಗಿ ಕಾಯುತ್ತಿದ್ದವನ ಕೈಗೆ ನೆಪ ಕೊಟ್ಟು, ಮೇಲೆ ಬಹುಮಾನದಂತೆ ಕೈ ಕುಲುಕಿದರು. ನಾನೂ ಅಲ್ಲೇ ಇದ್ದೆ, ಒದ್ದೆ ಬಟ್ಟೆ ಹಿಡಿದುಕೊಂಡು.

ಕಳೆದ ಚಳಿಗಾಲದಲ್ಲಿ ಅಪ್ಪ ಐದು ವಾರ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಯಾಕೆ ಎಂದು ಕೇಳಿದವರಿಗೆಲ್ಲ ಒಂದು ಕಾರಣ ಬೇಕಿತ್ತು. ಅಮ್ಮ ಬಿಟ್ಟು ಹೋಗಿ ಹತ್ತು ವರ್ಷವಾಗಿತ್ತು, ಅದು ಕಾರಣವಲ್ಲ. ಕಾರಣವೇ ಇರಲಿಲ್ಲ. ಅವನು ಊಟ ಬಿಟ್ಟ, ಸ್ನಾನ ಬಿಟ್ಟ, ಶನಿವಾರದ ಸೌನಾವನ್ನೂ ಬಿಟ್ಟ. ಸೌನಾ ಬಿಟ್ಟಾಗ ನನಗೆ ಹೆದರಿಕೆಯಾಯಿತು. ಖಿನ್ನತೆಗೆ ಕೊಡುವ ವೆನ್ಲಾಫಾಕ್ಸಿನ್ ಎಂಬ ಆ ಔಷಧಿಯನ್ನು ಕಾರ್ಖಾನೆಯ ಡಾಕ್ಟರಮ್ಮ ಬರೆದುಕೊಟ್ಟರು. ಮೊದಲೆರಡು ವಾರ ಅವನಿಗೆ ವಾಕರಿಕೆ. ರಾತ್ರಿಗೆ ಎರಡು ಅಂಗಿ ಬೆವರಿನಲ್ಲಿ ತೊಯ್ಯುತ್ತಿದ್ದವು. ಬಾಯಿ ಒಣಗಿ ಮಾತು ಅಂಟಿಕೊಳ್ಳುತ್ತಿತ್ತು. ಅದಕ್ಕೆಂದು ಜ್ಯೇಷ್ಠಮಧುವಿನ ಕಪ್ಪು ಲಿಕೊರಿಸ್ ಮಿಠಾಯಿಯನ್ನು ಚೀಲಗಟ್ಟಲೆ ಚೀಪತೊಡಗಿದ. ಆ ಮಾತ್ರೆಯೂ ರಕ್ತದೊತ್ತಡ ಏರಿಸುತ್ತದೆ, ಆ ಮಿಠಾಯಿಯೂ ಏರಿಸುತ್ತದೆ ಎಂದು ಡಾಕ್ಟರಮ್ಮ ಗದರಿಸಿದ ಮೇಲೆ ಅದನ್ನು ಬಿಟ್ಟ. ಬೆವರು ಮಾತ್ರ ಪೂರ್ತಿ ಹೋಗಲಿಲ್ಲ. ಆದರೆ ಆರನೇ ವಾರದ ಒಂದು ಬೆಳಿಗ್ಗೆ ಅವನು ಎದ್ದು ಮೆಟ್ಟಿಲ ಮೇಲಿನ ಹಿಮ ಗುಡಿಸುವ ಸದ್ದು ಕೇಳಿ ನನಗೆ ಎಚ್ಚರವಾಯಿತು. ಹಾಸಿಗೆಯಲ್ಲೇ ಕೂತು ಅತ್ತೆ. ಆ ಮಾತ್ರೆ ಎಂದರೆ ನನಗೆ ಆ ಸದ್ದು.

ಈ ಜನವರಿಯಲ್ಲಿ ಮಾತ್ರೆ ಬಿಟ್ಟ ಎರಡನೇ ದಿನ ಏನೂ ಕಾಣಲಿಲ್ಲ. ಶುಕ್ರವಾರ ಬಾಗಿಲು ದಾಟುವಾಗ ಅಪ್ಪ ಚೌಕಟ್ಟು ಹಿಡಿದುಕೊಂಡ. ಶನಿವಾರ ತಟ್ಟೆ ನೋಡಿಯೇ ವಾಂತಿ ಮಾಡಿಕೊಂಡ. ಯಾರಾದರೂ ಕರೆದರೆ ಅವನು ಕಣ್ಣು ಹೊರಳಿಸುತ್ತಿರಲಿಲ್ಲ, ಇಡೀ ಮೈಯನ್ನೇ ಮೆಲ್ಲಗೆ ತಿರುಗಿಸುತ್ತಿದ್ದ, ತುಂಬಿದ ಬಕೆಟು ಹೊತ್ತವನಂತೆ. ಕಾಫಿಗೆ ನೀರು ಹೆಚ್ಚಾಯಿತೆಂದು ನನ್ನ ಮೇಲೆ ಕಿರುಚಿದ. ಐದೇ ನಿಮಿಷದ ಮೇಲೆ ರೇಡಿಯೊದಲ್ಲಿ ಹವಾಮಾನ ವರದಿ ಕೇಳುತ್ತ ಅಳುತ್ತಿದ್ದ.

ಕಾರ್ಖಾನೆಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿತ್ತು. ಜನವರಿ ಮೊದಲ ವಾರ ಎಂದರೆ ಅರ್ಧ ಪಾಳಿಗೆ ಕೈ ನಡುಕ, ಬೆವರು, ಸಿಡುಕು. "ಮದ್ಯ ಮೈಯಿಂದ ಇಳೀತಿದೆ, ಒಳ್ಳೇದು," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅಪ್ಪನಿಗೂ ಅದನ್ನೇ ಹೇಳಿದರು. ಅಪ್ಪ ಕುಡಿಯುತ್ತಿದ್ದದ್ದು ಶನಿವಾರ ಸೌನಾ ಆದ ಮೇಲೆ ಒಂದು ಬಿಯರ್. ಒಂದು ಬಿಯರಿನಿಂದ ಯಾವ ಮದ್ಯ ಇಳಿಯುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಭಾನುವಾರ ಔಷಧಿಯ ಡಬ್ಬದಲ್ಲಿದ್ದ ಹಾಳೆಯನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಇರುವೆಯಂಥ ಅಕ್ಷರ. ನಾನು ಓದುವುದು ನಿಧಾನ, ಬೆರಳಿಟ್ಟು ಓದುತ್ತೇನೆ. ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ ಎಂದಿತ್ತು. ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕು ಎಂದಿತ್ತು. ಒಮ್ಮೆಲೇ ನಿಲ್ಲಿಸಿದರೆ ಆಗಬಹುದಾದದ್ದರ ಸಾಲು: ತಲೆಸುತ್ತು, ವಾಕರಿಕೆ, ಬೆವರು, ನಿದ್ದೆಗೇಡು, ಸಿಡುಕು, ವಿದ್ಯುತ್ ತಗುಲಿದಂಥ ಅನುಭವ. ಮೂರು ದಿನದಿಂದ ನಾನು ಕಣ್ಣಾರೆ ನೋಡಿದ್ದನ್ನು ಯಾರೋ ಮೊದಲೇ ಅಚ್ಚು ಹಾಕಿಸಿ ಡಬ್ಬದೊಳಗೆ ಮಡಿಚಿಟ್ಟಿದ್ದರು.

ಹಾಳೆಯನ್ನು ಅಪ್ಪನ ಮುಂದಿಟ್ಟೆ.

"ಅಪ್ಪ, ಇದು ಕುಡಿತದ್ದಲ್ಲ. ಮಾತ್ರೆ ಬಿಟ್ಟಿದ್ದಕ್ಕೆ ಆಗ್ತಿರೋದು. ಇಲ್ಲಿದೆ ನೋಡು."

"ತೆಗಿ ಅದನ್ನ."

"ಒಂದೇ ಸಲ ಬಿಡಬಾರ್ದಂತೆ. ಡಾಕ್ಟರಿಗೆ ಫೋನ್ ಮಾಡು."

"ಮಾತು ಕೊಟ್ಟಿದೀನಿ. ಮೂವತ್ತೊಂದಕ್ಕೆ ಮುಗಿಯುತ್ತೆ."

"ತಲೇಲಿ ಕರೆಂಟು ಹೊಡೆದ ಹಂಗಾಗುತ್ತಾ?"

ಅವನು ಹಾಳೆಯನ್ನು ನನ್ನ ಕಡೆ ತಳ್ಳಿದ. ಆಮೇಲೆ, "ನಿನಗೇನೇ ಗೊತ್ತು? ನಾಲ್ಕು ಜನರ ಮುಂದೆ ಬಾಯಿ ಬಿಡೋಕಾಗ್ದೆ ಶಾಲೆ ಬಿಟ್ಟು ಬಂದೋಳು. ನನಗೆ ಡಾಕ್ಟರಿಕೆ ಹೇಳೋಕೆ ಬಂದಿದೀಯ," ಎಂದ.

ಅದು ಔಷಧಿ ಬಿಟ್ಟ ತಲೆಯ ಮಾತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನಾಟಿತು. ಹಾಳೆಯನ್ನು ಮಡಿಚಲು ಹೋದೆ. ಬಿಚ್ಚಿದ ಮೇಲೆ ಅದು ಮೊದಲಿನಂತೆ ಮಡಿಕೆಯಾಗುವುದಿಲ್ಲ. ಕೈಯಲ್ಲೇ ಮುದುರಿ, ಒಗೆದಿಟ್ಟಿದ್ದ ಕೆಲಸದ ಏಪ್ರನ್ನಿನ ಜೇಬಿಗೆ ತುರುಕಿದೆ.

ಮಂಗಳವಾರ ಕಾರ್ಖಾನೆಯ ಡಾಕ್ಟರಮ್ಮ ಇರುವ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿ ಮನುಷ್ಯರು ಫೋನ್ ಎತ್ತುವುದಿಲ್ಲ. ನಿಮ್ಮ ನಂಬರು ಬರೆದುಕೊಂಡಿದ್ದೇವೆ, ಇವತ್ತೇ ತಿರುಗಿ ಕರೆ ಮಾಡುತ್ತೇವೆ ಎಂದು ಯಂತ್ರ ಹೇಳುತ್ತದೆ. ಕರೆ ಬಂದದ್ದು ಹನ್ನೊಂದೂವರೆಗೆ, ಊಟದ ಸಾಲು ಬಾಗಿಲಿನಿಂದಾಚೆಗೆ ಬೆಳೆದಿದ್ದಾಗ. ತಣ್ಣನೆಯ ಉಗ್ರಾಣದೊಳಗೆ ಹೋಗಿ ಆಲೂಗಡ್ಡೆ ಮೂಟೆಗಳ ನಡುವೆ ನಿಂತು ಮಾತಾಡಿದೆ.

"ನೀವು ರೋಗಿನಾ?" ಎಂದು ಕೇಳಿದಳು ನರ್ಸು.

"ಮಗಳು."

"ಅವರ ಒಪ್ಪಿಗೆ ಇಲ್ದೆ ಅವರ ವಿಷಯ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ. ಅವರೇ ಕರೆ ಮಾಡ್ಲಿ."

"ಅವರು ಮಾಡಲ್ಲ. ನೀವೇನೂ ಹೇಳೋದು ಬೇಡ, ನಾನು ಹೇಳೋದನ್ನ ಕೇಳಿಸ್ಕೊಳ್ಳಿ ಸಾಕು."

"ಕೇಳಿಸ್ಕೊಂಡೆ. ಅವರಿಗೇ ಕರೆ ಮಾಡೋಕೆ ಹೇಳಿ."

ಇಟ್ಟುಬಿಟ್ಟಳು. ಅವಳ ಕಾನೂನು ಅವಳಿಗೆ ಸರಿಯಿರಬಹುದು. ಆ ಕಾನೂನನ್ನು ತೆಗೆದುಕೊಂಡು ನಾನು ಮನೆಯಲ್ಲಿ ಏನು ಮಾಡಲಿ? ಹೊರಗೆ ಬಂದಾಗ ಕ್ಯಾಂಟೀನಿನ ಹಿರಿಯಳು ಅನ್ನೆಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇಪ್ಪತ್ತು ಜನ ತಟ್ಟೆ ಹಿಡ್ಕೊಂಡು ಕಾಯ್ತಿದಾರೆ. ನೀನು ಆಲೂಗಡ್ಡೆ ಹತ್ರ ಹರಟೆ ಹೊಡೀತಿದೀಯಾ?" ಎಂದವಳು, ನನ್ನ ಮುಖ ನೋಡಿ, "ಏನಾಯ್ತೇ ಪುಟ್ಟಿ?" ಎಂದಳು.

ಹೇಳಿದೆ. ಅವಳು ಸೌಟು ತೊಳೆಯುತ್ತ ಪೂರ್ತಿ ಕೇಳಿದಳು. "ಔಷಧಿ ಅಂಗಡಿಗೆ ಹೋಗು. ಯಾರ ಹೆಸರೂ ಹೇಳ್ಬೇಡ. ಒಬ್ಬರು ಹೀಗೆ ಮಾಡಿದಾರೆ, ಏನು ಮಾಡ್ಬೇಕು ಅಂತ ಮಾತ್ರ ಕೇಳು. ಅದಕ್ಕೆ ಯಾವ ಒಪ್ಪಿಗೇನೂ ಬೇಡ."

ಬುಧವಾರ ಕೆಲಸ ಮುಗಿದ ಕೂಡಲೇ ಹೋದೆ. ಅಂಗಡಿಯ ಔಷಧಿಗಾರ್ತಿ ನನ್ನನ್ನು ಪಕ್ಕದ ಮೇಜಿಗೆ ಕರೆದು ಕೂರಿಸಿದರು. ನನ್ನ ತೊದಲು ಮುಗಿಯುವವರೆಗೂ ಅವಸರ ಮಾಡಲಿಲ್ಲ.

"ಎಷ್ಟು ದಿನ ಆಯ್ತು?"

"ಏಳು."

"ಈ ಔಷಧಿ ಮೈಯಿಂದ ಬೇಗ ಇಳಿದುಹೋಗುತ್ತೆ. ಅದಕ್ಕೇ ತಟ್ಟಂತ ಬಿಟ್ಟರೆ ಹೊಡೆತ ಜೋರು. ಅವರೊಂದು ಹಟ, ನೀವೊಂದು ಹಟ ಅಂತ ಕಾಫಿಗೆ ಬೆರೆಸಿ ಕೊಡೋದು, ಬಿಟ್ಟಿದ್ದೆಲ್ಲ ಸೇರಿಸಿ ಎರಡೆರಡು ನುಂಗೋದು, ಅಂಥದ್ದೇನೂ ಮಾಡ್ಬೇಡಿ. ಮತ್ತೆ ಎಷ್ಟರಿಂದ ಶುರು ಮಾಡ್ಬೇಕು ಅನ್ನೋದನ್ನ ಡಾಕ್ಟರೇ ಹೇಳ್ಬೇಕು. ನಾಳೆಯೇ ಹೇಳಿಸಿ. ಅವರು ಗಾಡಿ ಓಡಿಸ್ತಾರಾ?"

"ಫೋರ್ಕ್‌ಲಿಫ್ಟ್."

ಅವರು ಬರೆಯುವುದನ್ನು ನಿಲ್ಲಿಸಿದರು. "ಬೇಡ. ಇದು ಸರಿಹೋಗೋ ತನಕ ಬೇಡವೇ ಬೇಡ. ಇನ್ನೊಂದು ಮಾತು. ಸಾಯೋ ಮಾತೇನಾದ್ರೂ ಆಡಿದ್ರೆ ನಾಳೆ ಅಂತ ಕಾಯ್ಬೇಡಿ, ಆ ಕ್ಷಣವೇ ನೂರಾ ಹನ್ನೆರಡಕ್ಕೆ ಫೋನ್ ಮಾಡಿ. ಕೇಳೋಕೆ ಹೆದರ್ಬೇಡಿ. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟೋದಿಲ್ಲ."

ನಾನು ಕೇಳಲಿಲ್ಲ. ಮನೆಗೆ ಹೋದಾಗ ಅಪ್ಪ ಮಲಗಿಬಿಟ್ಟಿದ್ದ, ಗೋಡೆಗೆ ಮುಖ ಮಾಡಿ. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಅವನು ನನಗಿಂತ ಮೊದಲೇ ಎದ್ದು ನಡೆದೇ ಹೋಗಿದ್ದ. ಹಿಂದೆಯೇ ಹೋದೆ. ಅವನು ಆಗಲೇ ಗಾಡಿ ಹತ್ತಿದ್ದ. ಯಾರ್ಮೊನ ಕಚೇರಿಯ ಗಾಜಿನ ಬಾಗಿಲ ಮುಂದೆ ನಿಂತೆ. ಅವನು ಫೋನಿನಲ್ಲಿದ್ದ. ಕೈಯೆತ್ತಿ 'ಆಮೇಲೆ' ಎಂದು ಸನ್ನೆ ಮಾಡಿದ. ನಾನು ಅಡುಗೆಮನೆಗೆ ಹೋದೆ. ಹೀಗೂ ಒಬ್ಬಳು ಇರಬಹುದೇ ಎಂದು ಈಗಲೂ ನನ್ನನ್ನು ಬೈದುಕೊಳ್ಳುತ್ತೇನೆ. ಒಂದು ಬಾಗಿಲು ತಟ್ಟಲು ನಾಚಿ ಹಿಂದಿರುಗಿದವಳು.

ಹತ್ತೂಕಾಲಿಗೆ ಒಳಗಿನಿಂದ ದೊಡ್ಡ ಸದ್ದು ಬಂತು. ಆಮೇಲೆ ಯಂತ್ರಗಳು ಒಂದೊಂದಾಗಿ ನಿಂತವು. ನಡೆದದ್ದು ಇಷ್ಟು: ಅಪ್ಪ ಗಾಡಿಯನ್ನು ಹಿಂದಕ್ಕೆ ತೆಗೆಯಲು ಕತ್ತು ತಿರುಗಿಸಿದ್ದಾನೆ, ತಲೆಯೊಳಗೆ ಕರೆಂಟು ಹೊಡೆದಿದೆ, ಕಾಲು ಜಾರಿದೆ. ಗಾಡಿಯ ಕವಲು ತೆಳು ಹಲಗೆಗಳ ಅಟ್ಟಿಗೆ ನುಗ್ಗಿ, ಆಳೆತ್ತರದ ಅಟ್ಟಿ ಪಕ್ಕಕ್ಕೆ ವಾಲಿ ಬಿದ್ದಿದೆ. ರೈಮೊ ಅದರ ಆಚೆ ಬದಿಯಲ್ಲಿದ್ದ. ಹಿಂದಕ್ಕೆ ಹಾರಿದ್ದರಿಂದ ಬೂಟಿನ ಉಕ್ಕಿನ ಮೂತಿ ಮಾತ್ರ ಸಿಕ್ಕಿಕೊಂಡಿತು.

ಊಟದ ಹೊತ್ತಿಗೆ ಎಲ್ಲರೂ ಬಂದರು. ಗುರುವಾರವಾದ್ದರಿಂದ ಇಲ್ಲಿನ ವಾಡಿಕೆಯ ಬಟಾಣಿ ಸಾರು. ಅಪ್ಪನೂ ಸಾಲಿನಲ್ಲಿದ್ದ, ಮುಖ ಬೂದಿಯಂತಿತ್ತು, ತಟ್ಟೆ ನಡುಗುತ್ತಿತ್ತು. ಅವನ ಹಿಂದೆ ಯಾರ್ಮೊ.

"ತಲೆ ಕೆಡಿಸ್ಕೋಬೇಡ ಇಸ್ಮೊ, ಮೊದಲ ವಾರದ ನಡುಕ, ಎಲ್ಲರಿಗೂ ಇದ್ದದ್ದೇ. ಹೊಟ್ಟೆಗೆ ಬಿಸಿ ಹಾಕ್ಕೊಂಡು ಗಾಡಿ ಹತ್ತು," ಎಂದು ಅಪ್ಪನ ಭುಜ ತಟ್ಟಿ, ನನ್ನ ಕಡೆ ತಿರುಗಿದ. "ತೀಯಾ, ನಿಮ್ಮಪ್ಪನಿಗೆ ಇನ್ನೊಂದು ಸೌಟು ಹಾಕು."

ನಾನು ಸೌಟನ್ನು ಪಾತ್ರೆಯೊಳಗೇ ಬಿಟ್ಟೆ.

"ಅಪ್ಪ ಗಾಡಿ ಹತ್ತಲ್ಲ," ಎಂದೆ.

ನನ್ನ ಧ್ವನಿ ಯಾರಿಗೂ ಪರಿಚಯವಿರಲಿಲ್ಲ. ಯಾರು ಮಾತಾಡಿದ್ದು ಎಂದು ಹಿಂದಿನವರು ಇಣುಕಿದರು.

"ಏನಂದೆ?" ಎಂದ ಯಾರ್ಮೊ.

"ಅಪ್ಪ ಗಾಡಿ ಹತ್ತಲ್ಲ ಅಂದೆ. ಕೀಲಿ ಈಸ್ಕೊಳ್ಳಿ. ಅದು ಕುಡಿತ ಬಿಟ್ಟ ನಡುಕ ಅಲ್ಲ. ಅಪ್ಪ ಕುಡಿಯೋದು ವಾರಕ್ಕೊಂದು ಬಿಯರ್. ನೀವು ಬಿಡಿಸಿದ್ದು ಔಷಧಿ. ಡಾಕ್ಟರು ಕೊಟ್ಟಿದ್ದನ್ನ ಬಿಡಿಸೋಕೆ ನೀವ್ಯಾರು?"

"ತೀಯಾ, ಬಾಯಿ ಮುಚ್ಚು," ಎಂದ ಅಪ್ಪ.

"ಮುಚ್ಚಲ್ಲ. ಅದನ್ನ ತಿಂಗಳುಗಟ್ಟಲೆ ಚೂರುಚೂರೇ ಇಳಿಸಿ ಬಿಡ್ಬೇಕು. ಒಂದೇ ಸಲ ಬಿಟ್ಟರೆ ತಲೆ ತಿರುಗುತ್ತೆ, ವಾಂತಿಯಾಗುತ್ತೆ, ಕಣ್ಣು ಹೊರಳಿಸಿದ್ರೆ ಕರೆಂಟು ಹೊಡೆಯುತ್ತೆ. ಬಿಟ್ಟು ಎಂಟು ದಿನ ಆಯ್ತು. ಈ ಹಾಳೇಲಿ ಬರೆದಿದೆ, ಓದ್ಕೊಳ್ಳಿ. ನಾನೇ ಓದಿದೀನಿ ಅಂದ್ಮೇಲೆ ನಿಮಗೂ ಬರುತ್ತೆ." ಏಪ್ರನ್ನಿನ ಜೇಬಿನಿಂದ ತೆಗೆದು ಯಾರ್ಮೊನ ತಟ್ಟೆಯ ಮೇಲಿಟ್ಟೆ. ಅದು ಸಾರಿನಲ್ಲಿ ನೆನೆಯಿತು.

"ನಾನು ತಮಾಷೆಗೆ ಅಂದಿದ್ದು ಕಣಮ್ಮ," ಎಂದ ರೈಮೊ. ಅವನ ಧ್ವನಿ ಸಣ್ಣಗಿತ್ತು. "ಅವನು ನಿಜವಾಗ್ಲೂ ಬಿಡ್ತಾನೆ ಅಂತ ನನಗೇನು ಗೊತ್ತು?"

"ಕೈ ಕುಲುಕಿದ್ರಲ್ಲ, ಅದೂ ತಮಾಷೆಗಾ? ಸಕ್ಕರೆ ಕಾಯಿಲೆಗೆ ಚುಚ್ಚಿಕೊಳ್ಳೋರನ್ನ ಇಲ್ಲಿ ಯಾರೂ ಆಡಿಕೊಳ್ಳಲ್ಲ. ಈ ಮಾತ್ರೆ ಕಂಡ್ರೆ ಮಾತ್ರ ನಿಮಗೆ ನಗು. ಆ ಅಟ್ಟಿ ಇನ್ನೊಂದು ಗೇಣು ಈಚೆ ಬಿದ್ದಿದ್ರೆ ಇವತ್ತು ಈ ಸಾಲಲ್ಲಿ ನೀವಿರ್ತಿರ್ಲಿಲ್ಲ. ಆಗ ಜೈಲಿಗೆ ಹೋಗ್ತಿದ್ದೋನು ನಮ್ಮಪ್ಪ."

ಯಾರ್ಮೊ ಒದ್ದೆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಸ್ವಲ್ಪ ಓದಿದ, ಅಥವಾ ಓದಿದಂತೆ ಮಾಡಿದ. ಆಮೇಲೆ ಅಪ್ಪನ ಮುಂದೆ ಅಂಗೈ ಚಾಚಿದ. "ಕೀಲಿ ಕೊಡು ಇಸ್ಮೊ." ಅಪ್ಪ ಕೀಲಿಯನ್ನು ಅವನ ಕೈಗಿಡದೆ ಮೇಜಿನ ಮೇಲೆ ಎಸೆದ.

ಕಾರ್ಖಾನೆಯ ಡಾಕ್ಟರಮ್ಮನ ಬಳಿಗೆ ಆ ಮಧ್ಯಾಹ್ನವೇ ಕಳಿಸಿದರು. ಅನ್ನೆಲಿಯ ಕಾರನ್ನು ನಾನು ಓಡಿಸಿದೆ. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ನಾನು ಹೊರಗೆ ಕೂತಿರುತ್ತೇನೆ ಎಂದಾಗ ಮಾತ್ರ, "ಬಾ, ಉಳಿದದ್ದನ್ನೂ ನೀನೇ ಹೇಳು," ಎಂದ. ಪ್ರೀತಿಯಿಂದ ಹೇಳಿದ್ದಲ್ಲ.

ಒಳಗೆ ಹೋದವನೇ, "ಪರವಾಗಿಲ್ಲ, ಆರಾಮಿದೀನಿ," ಎಂದ. ಡಾಕ್ಟರಮ್ಮ ರಕ್ತದೊತ್ತಡ ನೋಡಿದರು. ತಮ್ಮ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಲು ಹೇಳಿದರು. ಬೆರಳು ಬಲಕ್ಕೆ ಸರಿಯುತ್ತಿದ್ದಂತೆ ಅಪ್ಪನ ಭುಜ ಬೆಚ್ಚಿಬಿತ್ತು.

"ಆರಾಮಾ?" ಎಂದರು ಡಾಕ್ಟರಮ್ಮ.

ಅಪ್ಪ ಅಂಗಿಯ ತೋಳು ಇಳಿಸಿಕೊಂಡ.

"ಸತ್ತುಹೋಗ್ಬೇಕು ಅಂತ ಅನಿಸಿದೆಯಾ ಇಸ್ಮೊ?"

ಗೋಡೆಯ ಗಡಿಯಾರಕ್ಕೆ ಸದ್ದಿರಲಿಲ್ಲ, ಮುಳ್ಳು ಮಾತ್ರ ಓಡುತ್ತಿತ್ತು. "ಸೋಮವಾರ," ಎಂದ ಅಪ್ಪ. "ಕೆಲಸ ಬಿಟ್ಟ ಮೇಲೆ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದೆ. ಕಾರ್ಖಾನೆ ಬಿಸಿನೀರು ಬಿಡೋ ಕಡೆ. ಅಲ್ಲಿ ಮಂಜುಗಡ್ಡೆ ತೆಳುವು. ನಿಂತಿದ್ದೆ, ಅಷ್ಟೆ. ಆಮೇಲೆ ಕಾಲು ತಣ್ಣಗಾಯ್ತು, ಬಂದೆ," ಎಂದ.

ಸೋಮವಾರ ಸಂಜೆ ಅವನು ತಡವಾಗಿ ಬಂದಿದ್ದ. ಭಾನುವಾರದ ಮಾತಿಗೆ ಮುನಿದಿದ್ದ ನಾನು, 'ಎಲ್ಲಿಗೆ ಹೋಗಿದ್ದೆ' ಎಂದೂ ಅವನನ್ನು ಕೇಳಿರಲಿಲ್ಲ. ತಟ್ಟೆಯನ್ನು ಕುಕ್ಕಿ ಇಟ್ಟಿದ್ದೆ. ಆ ಕೋಣೆಯಲ್ಲಿ ಕೂತು ನನಗೆ ಅಳು ಬರಲಿಲ್ಲ. ಅವನನ್ನು ಹಿಡಿದು ಅಲುಗಾಡಿಸಬೇಕು ಅನಿಸಿತು. ಒಂದು ಪಟ್ಟಿಗಾಗಿ. ರೈಮೊ ಕೈ ಕುಲುಕಿದನೆಂದು.

ಡಾಕ್ಟರಮ್ಮ ಧ್ವನಿ ಏರಿಸಲಿಲ್ಲ. "ಇವತ್ತೇ ಮತ್ತೆ ಶುರು ಮಾಡೋಣ. ಹಳೇ ಪ್ರಮಾಣ ಅಲ್ಲ, ಮೊದಲು ಕೊಟ್ಟಿದ್ದೆನಲ್ಲ, ಆ ಚಿಕ್ಕದು. ನಾಳೆ ನಾನೇ ಫೋನ್ ಮಾಡ್ತೀನಿ, ಸೋಮವಾರ ಬಂದು ತೋರಿಸ್ಬೇಕು. ಅಲ್ಲೀವರೆಗೆ ಒಬ್ಬನೇ ಇರ್ಬೇಡ. ಗಾಡಿ ಮುಟ್ಟೋದು ನಾನು ಹೇಳಿದ್ಮೇಲೆ. ಬೆವರು ಕಾಟ ಕೊಡುತ್ತೆ ಅಂತ ನೀನು ಒಂದು ಸಲವೂ ನನಗೆ ಹೇಳ್ಲಿಲ್ಲ. ಹೇಳಿದ್ರೆ ದಾರಿ ಹುಡುಕ್ತಿದ್ದೆ. ಬಿಡ್ಬೇಕು ಅನಿಸಿದ್ರೆ ಬಿಡೋಣ, ಅದಕ್ಕೂ ದಾರಿ ಇದೆ, ತಿಂಗಳುಗಳು ಹಿಡಿಯುತ್ತೆ. ಕಾಫಿ ಕೋಣೇಲಿ ನಿರ್ಧಾರ ಮಾಡೋದಲ್ಲ."

ಅಪ್ಪ ಅವರ ಎದುರೇ ನೀರು ಕೇಳಿ, ಅವರು ಕೊಟ್ಟ ಒಂದು ಚಿಕ್ಕ ಕ್ಯಾಪ್ಸೂಲ್ ನುಂಗಿದ.

ಕರೆಂಟು ಹೊಡೆಯುವುದು ಮೂರ್ನಾಲ್ಕು ದಿನದಲ್ಲಿ ನಿಂತಿತು. ನನ್ನ ಜೊತೆ ಮಾತು ಶುರುವಾಗಲಿಲ್ಲ. ಎರಡು ವಾರ ಅಪ್ಪ ತೆಳು ಹಲಗೆ ಎಣಿಸುವ ಕೆಲಸ ಮಾಡಿದ, ಮುದುಕರಿಗೂ ಗಾಯವಾದವರಿಗೂ ಕೊಡುವ ಕೆಲಸ. ನಮ್ಮ ಹಳೆಯ ಕಾರನ್ನು ನಾನು ಓಡಿಸುತ್ತಿದ್ದೆ. ಅವನು ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಯಾರ್ಮೊ ಒಮ್ಮೆ ಕ್ಯಾಂಟೀನಿಗೆ ಬಂದು ಏನೋ ಹೇಳಲು ನಿಂತ. ಎಷ್ಟು ಸೌಟು ಬೇಕು ಎಂದು ಕೇಳಿದೆ. ಒಂದು ಎಂದ. ಹಾಕಿದೆ. ಅವನ ಕ್ಷಮೆ ನನಗೆ ಬೇಕಿರಲಿಲ್ಲ.

ಜನವರಿಯ ಕೊನೆಯ ವಾರದ ಒಂದು ಬೆಳಿಗ್ಗೆ, ಕಾರ್ಖಾನೆಯ ಏರಿನಲ್ಲಿ, ಅಪ್ಪ ಕಿಟಕಿಯಿಂದ ಕಣ್ಣು ತೆಗೆಯದೆ ಮಾತಾಡಿದ.

"ಎಲ್ಲರ ಮುಂದೆ ನನ್ನ ಬೆತ್ತಲೆ ಮಾಡ್ಬಿಟ್ಟೆ."

"ಹೂಂ."

"ಮನೇಲಿ ಹೇಳ್ಬೋದಿತ್ತು."

"ಹೇಳಿದ್ದೆ. ಶಾಲೆ ಬಿಟ್ಟೋಳು ಅಂದೆ ನೀನು."

ಚಕ್ರದಡಿ ಹಿಮ ಕರಕರ ಎನ್ನುತ್ತಿತ್ತು.

"ಮತ್ತೆ ಹಂಗೇ ಆದ್ರೆ, ಮತ್ತೆ ಮಾಡ್ತೀಯಾ?"

"ಮಾಡ್ತೀನಿ. ಇನ್ನೂ ಜೋರಾಗಿ."

ಏರು ಮುಗಿಯುತ್ತಿತ್ತು.

"ಎರಡನೇ ಗೇರಿಗೆ ಹಾಕೇ," ಎಂದ. "ಎಂಜಿನ್ ಸಾಯ್ತಿದೆ."

ಹಾಕಿದೆ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.